ಬನಿಯನ್ ತಿರುವಿ ಹಾಕುವವರ ಜಾತಿ

ನಿನ್ನೆ ಬೆಳಿಗ್ಗೆ ನನ್ನ ಹೆಂಡತಿ ಗಿರಿಜಾ ಬೀರು ಸ್ವಚ್ಛ ಮಾಡುವಾಗ ಮೇಲಿನ ಅರೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ಬಿತ್ತು. ಮುಚ್ಚಳ ಹಾರಿ ಒಳಗಿದ್ದದ್ದೆಲ್ಲ ನೆಲದ ಮೇಲೆ ಚೆಲ್ಲಿತು. ಬಂಗಾರ ಗಿಂಗಾರ ಎಂದು ನೀವು ಆಸೆಪಡುವುದು ಬೇಡ. ಚೆಲ್ಲಿದ್ದು ಚೀಟಿಗಳು. ಅಂಗಿ, ಬನಿಯನ್ನು, ಸ್ವೆಟರುಗಳ ಕೊರಳ ಹಿಂದೆ ಹೊಲಿದಿರುತ್ತಾರಲ್ಲ, ಕಂಪನಿಯ ಹೆಸರು, ಅಳತೆ, ಬಿಸಿನೀರಲ್ಲಿ ಒಗೆಯಬೇಡಿ ಎಂಬ ಬುದ್ಧಿವಾದ ಇರುವ ಪುಟ್ಟ ಗಡುಸು ಚೀಟಿಗಳು, ಅವು. ಇಪ್ಪತ್ತೈದು ವರ್ಷಗಳಿಂದ ಕತ್ತರಿಸಿ ಕೂಡಿಟ್ಟಿದ್ದೆ.

"ಇವನ್ನ ಯಾರಾದ್ರೂ ಕೂಡಿಡ್ತಾರೇನ್ರೀ? ಕತ್ತರಿಸಿದ ಮ್ಯಾಲೆ ಬಿಸಾಕಾಕೆ ಏನು ದಾಡಿ?" ಎಂದಳು ಗಿರಿಜಾ.

"ನನ್ನ ಕುತ್ತಿಗೆ ಚುಚ್ಚಿದ ವೈರಿಗಳು ಅವು. ಸೆರೆ ಹಿಡಿದು ಇಟ್ಟೀನಿ," ಎಂದೆ.

ಅವಳು ಕಸಬರಿಗೆ ತಂದು ನನ್ನ ಸೆರೆಯಾಳುಗಳನ್ನೆಲ್ಲ ಮೊರಕ್ಕೆ ತುಂಬಿದಳು. ಅವಳದು ಒಳ್ಳೆ ಗಟ್ಟಿ ಜೀವ. ಪಕ್ಕದ ಬೀದಿಯಲ್ಲಿ ಡೊಳ್ಳು ಬಾರಿಸಿಕೊಂಡು ಮೆರವಣಿಗೆ ಹೋದರೂ ಮಗ್ಗುಲು ಬದಲಿಸದೆ ನಿದ್ದೆ ಮಾಡುತ್ತಾಳೆ. ನಾನು ಹಾಗಲ್ಲ. ಟ್ಯೂಬ್‌ಲೈಟು ಗುಂಯ್ ಅಂದರೆ ನನಗೆ ತಲೆನೋವು. ಎದುರು ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದರೆ ನನಗೆ ಊಟ ಸೇರುವುದಿಲ್ಲ. ಉಪ್ಪಿಟ್ಟಿಗೆ ಒಂದು ಹರಳು ಉಪ್ಪು ಹೆಚ್ಚಾಗಿದ್ದರೆ ಬಾಣಲೆ ಒಲೆಯಿಂದ ಇಳಿಯುವ ಮೊದಲೇ ವಾಸನೆಯಲ್ಲಿ ಗೊತ್ತಾಗುತ್ತದೆ. ಉಪ್ಪಿಗೆ ವಾಸನೆ ಇಲ್ಲ ಎಂದು ನೀವು ಹೇಳಬಹುದು. ಗಿರಿಜಾಳೂ ಅದನ್ನೇ ಹೇಳುತ್ತಾಳೆ, ಆಮೇಲೆ ರುಚಿ ನೋಡಿ ಸುಮ್ಮನಾಗುತ್ತಾಳೆ.

ಇನ್ನು ಬನಿಯನ್ನಿನ ವಿಷಯ. ನಾನು ಅದನ್ನು ಯಾವತ್ತೂ ತಿರುವಿಯೇ ಹಾಕುವುದು. ಹೊಲಿಗೆ ಹೊರಗೆ, ನುಣುಪು ಒಳಗೆ. ಜಗತ್ತಿನವರು ಹೊಲಿಗೆಯನ್ನು ಒಳಗಿಟ್ಟುಕೊಂಡು ಮೈಗೆ ತಿಕ್ಕಿಸಿಕೊಂಡು ಹೊರಗಿನವರಿಗೆ ನುಣುಪು ತೋರಿಸುತ್ತಾರಲ್ಲ, ಇದು ಯಾವ ನ್ಯಾಯವೋ ನನಗೆ ತಿಳಿದಿಲ್ಲ. ಬೇಸಿಗೆಯಲ್ಲಿ ಬರೀ ಬನಿಯನ್ನಿನಲ್ಲಿ ಮಿಷಿನ್ನಿನ ಮುಂದೆ ಕೂತಿದ್ದಾಗ ದಿನಕ್ಕೆ ನಾಲ್ಕು ಜನ ನಿಂತು, "ಮಾಸ್ತರ್, ಬನಿಯನ್ ಉಲ್ಟಾ ಹಾಕ್ಕೊಂಡೀರಿ," ಎಂದು ಹೇಳಿ ಹೋಗುತ್ತಾರೆ. ಬೇರೆಯವರ ಬಟ್ಟೆ ಹೊಲಿಯುವವನಿಗೆ ತನ್ನ ಬಟ್ಟೆ ಹಾಕಿಕೊಳ್ಳಲು ಬರುವುದಿಲ್ಲ ಎಂದು ನ್ಯಾಮತಿಯಲ್ಲಿ ಒಂದು ಅಭಿಪ್ರಾಯವೇ ಇದೆ.

ಹೌದು, ನಾನು ಲೇಡೀಸ್ ಟೇಲರ್. ನ್ಯಾಮತಿಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನ ಅಂಗಡಿ. ಊರು ತಾಲ್ಲೂಕಾದ ಮೇಲೆ ಕಚೇರಿಗಳು ಬಂದವು, ಗಿರಾಕಿಗಳು ಬಂದರು, ಜೊತೆಗೆ ಹಾರ್ನುಗಳೂ ಬಂದವು. ಹಾರ್ನು ಕೇಳಿದರೆ ಎದೆ ಧಸಕ್ಕೆನ್ನುವುದರಿಂದ ನಾನು ಗಲ್ಲಿಯ ಒಳಗೆ ಸರಿದುಕೊಂಡೆ. ಬೇರೆಯವರ ಎದೆಗೂ ಹಾಗಾಗಬಾರದೆಂದು ನನ್ನ ಮೊಪೆಡ್ಡಿನ ಹಾರ್ನಿನ ವೈರನ್ನು ನಾನೇ ಕಿತ್ತಿಸಿದ್ದೆ. ಅದರ ಕಥೆ ಮುಂದೆ ಬರುತ್ತದೆ.

ಈ ಕಾಯಿಲೆ ನನಗೆ ಹುಟ್ಟಿನಿಂದ ಬಂದದ್ದು. ಅಮ್ಮನ ತವರು ಜಗಳೂರಿನ ಕಡೆ. ರಜೆಗೆ ಹೋದರೆ ಅಜ್ಜಿ ಪ್ರೀತಿಯಿಂದ ಹೊಸ ಕಂಬಳಿ ಹಾಸುತ್ತಿದ್ದಳು. ಆ ಸೀಮೆಯ ಕುರಿ ಉಣ್ಣೆಯ ಕರೀ ಕಂಬಳಿ. ಮನೆಗೆ ಬಂದ ಬೀಗರಿಗೂ ಹಳೆಯದನ್ನೇ ಹಾಸಿ, ಹೊಸದನ್ನು ಮೊಮ್ಮಗನಿಗೆಂದು ಎತ್ತಿಟ್ಟಿರುತ್ತಿದ್ದಳು. ನಾನು ಅದರ ಮೇಲೆ ಮಲಗಿದ ಐದೇ ನಿಮಿಷಕ್ಕೆ ಎದ್ದು ಬರಿಯ ನೆಲಕ್ಕೆ ಹೋಗುತ್ತಿದ್ದೆ. ಅಜ್ಜಿಗೆ ಅವಮಾನವಾಗುತ್ತಿತ್ತು. "ನಿನ್ನ ಮಗನಿಗೆ ನಮ್ಮನೆ ಹಾಸಿಗೆ ಆಗಿಬರಲ್ಲ ಕಣೇ, ಭಾರೀ ಸಾಹೇಬ," ಎಂದು ಅಮ್ಮನಿಗೆ ಹೇಳುವಳು. ಚುಚ್ಚುತ್ತದೆ ಅಜ್ಜಿ ಎಂದು ನಾನು ಹೇಳಬಹುದಿತ್ತು. ಹೇಳಿದರೆ ಅಜ್ಜಿಗೆ ನೋವಾಗುತ್ತದೆ ಎಂದು ಹೇಳಲಿಲ್ಲ. ನಮ್ಮಂಥವರ ಫಜೀತಿಯೇ ಇದು ನೋಡಿ. ನಮಗೆ ಆಗುವ ನೋವೂ ಗೊತ್ತಾಗುತ್ತದೆ, ಅದನ್ನು ಹೇಳಿದರೆ ಎದುರಿನವರಿಗೆ ಆಗುವ ನೋವೂ ಮೊದಲೇ ಗೊತ್ತಾಗಿಬಿಡುತ್ತದೆ. ಹೀಗಾಗಿ ಬಾಯಿ ಬಿಡದೆ ಕೂರುತ್ತೇವೆ, ಜನ ನಮ್ಮನ್ನು ಜಂಬಗಾರರು ಎನ್ನುತ್ತಾರೆ.

ಅಪ್ಪನಿಗೆ ನನ್ನನ್ನು ಗಟ್ಟಿ ಮಾಡುವ ಹಂಬಲ. "ಗಂಡಸು ಹಿಂಗೆಲ್ಲ ಕಣ್ಣೀರು ಹಾಕ್ತಾರೇನೋ? ಚರ್ಮ ದಪ್ಪ ಮಾಡ್ಕೋ," ಎನ್ನುತ್ತಿದ್ದರು. ಹೇಗೆ ಮಾಡಿಕೊಳ್ಳುವುದು ಎಂದು ಅವರೂ ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ಕೊನೆಗೆ ಹೊನ್ನಾಳಿಯ ಒಂದು ಅಕ್ಕಿ ಗಿರಣಿಗೆ ಕೆಲಸಕ್ಕೆ ಹಾಕಿದರು. ಗಿರಣಿಯ ಸದ್ದಿನಲ್ಲಿ ಮಗ ಪಕ್ಕಾ ಆಗುತ್ತಾನೆಂದು ಅವರ ಲೆಕ್ಕ. ನಾನು ಅಲ್ಲಿ ಮೂರು ದಿನ ಇದ್ದೆ. ಮೊದಲನೆಯ ದಿನ ಕಿವಿಗೆ ಹತ್ತಿ ಇಟ್ಟುಕೊಂಡೆ, ಎರಡನೆಯ ದಿನ ಹತ್ತಿಯ ಮೇಲೆ ಟವೆಲ್ ಸುತ್ತಿಕೊಂಡೆ. ಮೂರನೆಯ ದಿನ ಮೇಸ್ತ್ರಿ ಯಾರೋ ಹೆಂಗಸಿಗೆ ಬೈದದ್ದಕ್ಕೆ ನಾನು ಅತ್ತೆ. ಬೈಸಿಕೊಂಡವಳು ಅಳಲಿಲ್ಲ. ಅವಳೇ ಬಂದು, "ಬಿಡಪ್ಪಾ, ಅವನದು ದಿನಾ ಇದ್ದಿದ್ದೇ," ಎಂದು ನನ್ನನ್ನು ಸಮಾಧಾನ ಮಾಡಿ ಮನೆಗೆ ಕಳಿಸಿದಳು.

ಹೀಗೆ ಗಿರಣಿಗೆ ಆಗದವನು ಹೊಲಿಗೆಗೆ ಬಂದೆ. ನನಗೆ ಕೆಲಸ ಕಲಿಸಿದ ಮಾಸ್ತರು ಮೊದಲ ವಾರವೇ ಒಂದು ಪರೀಕ್ಷೆ ಮಾಡಿದರು. ಕಣ್ಣು ಮುಚ್ಚಿಸಿ ಒಂದೊಂದೇ ತುಂಡು ಕೈಗೆ ಕೊಟ್ಟು ಯಾವ ಬಟ್ಟೆ ಹೇಳು ಎಂದರು. ನಾನು ಬಟ್ಟೆ ಯಾವುದೆಂದು ಹೇಳಿದ್ದಲ್ಲದೆ ಅದರಲ್ಲಿ ಯಾವುದು ಎಷ್ಟು ಸಲ ಒಗೆದದ್ದು ಎಂದೂ ಹೇಳಿದೆ. "ನಿನ್ನ ಬೆರಳಿಗೆ ಕಣ್ಣು ಐತೆ," ಎಂದರು ಮಾಸ್ತರು. ಹುಟ್ಟಿದಾಗಿನಿಂದ ನನ್ನ ಬಗ್ಗೆ ಒಳ್ಳೆಯ ಮಾತು ಕೇಳಿದ್ದು ಅದೇ ಮೊದಲು. ಅವತ್ತೂ ಅತ್ತೆ ಎಂದು ಬೇರೆ ಹೇಳಬೇಕಾಗಿಲ್ಲ.

ಲೇಡೀಸ್ ಟೇಲರಿಂಗಿನಲ್ಲಿ ನಮ್ಮ ಕಡೆ ಮೈಯಳತೆ ತೆಗೆಯುವುದು ಕಡಿಮೆ. ಚೆನ್ನಾಗಿ ಕೂರುವ ಒಂದು ಹಳೆಯ ರವಿಕೆಯನ್ನು ತಂದು ಮೇಜಿನ ಮೇಲಿಡುತ್ತಾರೆ. ಅಳತೆ ಬ್ಲೌಸ್ ಎಂದು ಅದರ ಹೆಸರು. ಗಿರಾಕಿಗಳಿಗೆ ಅದು ಬರೀ ಅಳತೆ, ನನಗೆ ಅವರ ಮನೆಯ ಸಮಾಚಾರ. ಕಂಕುಳ ಹೊಲಿಗೆ ಬಿಚ್ಚಿ ಸಡಿಲ ಮಾಡಿದ್ದರೆ ಮೈತುಂಬಿ ಸುಖವಾಗಿದ್ದಾರೆ. ಬಿಗಿ ಮಾಡಿದ್ದರೆ ಏನೋ ಚಿಂತೆ. ಬಲ ಹೆಗಲು ಮಾತ್ರ ಸವೆದಿದ್ದರೆ ನೀರು ಹೊರುವವರು. ಈ ಜ್ಞಾನ ಒಮ್ಮೆ ನನ್ನನ್ನು ಪೇಚಿಗೂ ಸಿಕ್ಕಿಸಿತು. ಉಬ್ರಾಣಿ ಕಡೆಯ ಒಬ್ಬ ಸೊಸೆ ಅತ್ತೆಯ ಜೊತೆ ಬಂದಿದ್ದಳು. ಅವಳು ಬ್ಲೌಸನ್ನು ಮೇಜಿನ ಮೇಲಿಟ್ಟು, ಅದರ ಪಕ್ಕದ ಹೊಲಿಗೆಯನ್ನು ಹೆಬ್ಬೆರಳಿನಿಂದ ಎರಡು ಸಲ ಸವರಿದ್ದು ನೋಡಿ ನನಗೆ ಎಲ್ಲ ತಿಳಿದುಹೋಯಿತು. ಸಹಾಯ ಮಾಡೋಣವೆಂದು, "ಎಷ್ಟು ತಿಂಗಳಮ್ಮ? ಬಿಚ್ಚಾಕೆ ಮಾರ್ಜಿನ್ ಜಾಸ್ತಿ ಬಿಡ್ಲಾ?" ಎಂದುಬಿಟ್ಟೆ. ಅತ್ತೆಗೆ ಇನ್ನೂ ಸುದ್ದಿಯೇ ಗೊತ್ತಿರಲಿಲ್ಲ. "ನಂಗಿಂತ ಮುಂಚೆ ಟೇಲರ್‌ಗೆ ಹೇಳೀಯಾ?" ಎಂದು ಅಂಗಡಿಯಲ್ಲೇ ಶುರುವಾಯಿತು. ಆಮೇಲೆ ಅಜ್ಜಿಯಾಗುವ ಖುಷಿಗೆ ಅವರೇ ತಣ್ಣಗಾಗಿ ನನಗೂ ಬಾಳೆಹಣ್ಣು ಕೊಟ್ಟು ಹೋದರು.

ಇಷ್ಟು ತಿಳಿಯುವ ನಾನೇ ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಹೇಳಬೇಕೆಂದೇ ಇಷ್ಟು ಹೊತ್ತು ಸುತ್ತಾಡಿದ್ದು.

ಸವಳಂಗದಲ್ಲಿ ಬಾಷಾಸಾಬ್ ಎಂದು ನನಗೆ ಬಹಳ ದಿನದ ಪರಿಚಯದವರು ಇದ್ದಾರೆ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಅವರದು. ಅವರ ಒಬ್ಬಳೇ ಮಗಳು ಶಾಹೀನಾಗೆ ಹೋದ ವರ್ಷ ಚನ್ನಗಿರಿಯ ಬೇಕರಿಯವರ ಮಗನ ಜೊತೆ ಮಂಗ್ನಿ, ಅಂದರೆ ನಿಶ್ಚಿತಾರ್ಥ ಆಯಿತು. ಅವರಲ್ಲಿ ನಿಕಾಹ್ ದಿನ ಹೆಣ್ಣು ಉಡುವ ಬಟ್ಟೆ ಗಂಡಿನ ಮನೆಯಿಂದ ಬರಬೇಕು. ಗಂಡಿನ ತಾಯಿ ಜೈತೂನಮ್ಮ ಒಳ್ಳೆಯ ಕೆಂಪು ಬಟ್ಟೆ ತಂದಿದ್ದರು, ಮೈತುಂಬ ಜರಿ, ಕಲ್ಲು, ಮಿಣಿಮಿಣಿ. ಮಂಗ್ನಿಯ ದಿನ ಎಲ್ಲರೆದುರು ಅದನ್ನು ಹುಡುಗಿಯ ಹೆಗಲಿಗೆ ಹೊದಿಸಿದರು. ಶಾಹೀನಾ ಅಳತೊಡಗಿದಳು. ತೌರು ಬಿಡುವ ದುಃಖ ಎಂದು ಎಲ್ಲರೂ ಮೆಚ್ಚಿಕೊಂಡರು. ಬಟ್ಟೆ ಮನೆಗೆ ಬಂದ ಮೇಲೆ ತಾಯಿ ಮೆಹಬೂಬಿ ಇನ್ನೊಮ್ಮೆ ಮಗಳ ಮೈಗೆ ಹಿಡಿದು ನೋಡಿದರು. ಆಗಲೂ ಅತ್ತಳು. ಈ ಸಲ ಯಾರೂ ಮೆಚ್ಚಲಿಲ್ಲ.

ಆ ಬಟ್ಟೆ ಹೊಲಿಯಲು ನನ್ನ ಹತ್ತಿರ ಬಂತು. ಪೂರ್ತಿ ತೋಳಿನ, ಎತ್ತರ ಕೊರಳಿನ ಉದ್ದ ಕುರ್ತಾ. ಮದುವೆ ಸೀಸನ್ನು, ಮೈಮೇಲೆ ಕೆಲಸ. ಹೊಳಪಿರಲಿ ಎಂದು ಒಳಗೆ ತೆಳ್ಳನೆಯ ಸ್ಯಾಟಿನ್ ಲೈನಿಂಗ್ ಕೊಟ್ಟು ಮುಗಿಸಿದೆ. ಹೊಲಿದಾದ ಮೇಲೆ ಒಳಗಡೆ ಬೆರಳಾಡಿಸಿ ನೋಡುವುದು ನನ್ನ ಹಳೆಯ ಅಭ್ಯಾಸ. ಅವತ್ತು ನೋಡಲಿಲ್ಲ.

ಹಾಕಿ ನೋಡಲು ಮೂವರೂ ಬಂದರು. ತಾಯಿ ಮಗಳು ಬಸ್ಸಿನಲ್ಲಿ, ಬಾಷಾಸಾಬ್ ತಮ್ಮ ಸ್ಕೂಟರಿನಲ್ಲಿ. ಬಾಷಾಸಾಬ್ ಹೊರಗಿನ ಬೆಂಚಿನ ಮೇಲೆ ಕೂತರು. ಗಿರಿಜಾ ಹುಡುಗಿಯನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ಎರಡೇ ನಿಮಿಷ, ಒಳಗಿನಿಂದ ಬಿಕ್ಕುವ ಸದ್ದು ಬಂತು.

ಬಾಷಾಸಾಬ್ ಎದ್ದು ನಿಂತರು.

"ಮಾಸ್ತರ್, ಇದು ಮೂರನೇ ಸಲ. ಅವಳ ಅಮ್ಮಿ ಬಾಯಿಬಿಟ್ಟು ಕೇಳಿದ್ಳು, ಹುಡುಗ ಒಪ್ಪಿಗೆ ಇಲ್ಲೇನೇ ಅಂತ. ಆ ಕಡೆನೂ ಹೇಳಲ್ಲ, ಈ ಕಡೆನೂ ಹೇಳಲ್ಲ. ಒಬ್ಳೇ ಮಗಳು. ಅಳಿಸಿ ಕಳ್ಸಾಕೆ ನನ್ನ ಕೈಲಿ ಆಗಲ್ಲ. ಈಗ್ಲೇ ಚನ್ನಗಿರಿಗೆ ಹೋಗಿ ಅವರ ಕಾಲು ಹಿಡಿದು, ಮಾತು ವಾಪಸ್ ತಗಂಡು ಬರ್ತೀನಿ."

"ಸ್ವಲ್ಪ ತಡೀರಿ ಬಾಷಾಸಾಬ್," ಎನ್ನುವುದರೊಳಗೆ ಸ್ಕೂಟರು ಗಲ್ಲಿ ದಾಟಿತ್ತು. ಮೆಹಬೂಬಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡರು.

ಅಷ್ಟರಲ್ಲಿ ಗಿರಿಜಾ, ಹುಡುಗಿ ಬಿಚ್ಚಿಟ್ಟಿದ್ದ ದಿನಬಳಕೆಯ ಕಮೀಜನ್ನು ತಂದು ಮೇಜಿನ ಮೇಲೆ ಹಾಕಿದಳು. "ನೋಡ್ರಿ, ಪಾಪ, ಗಾಬರೀಲಿ ಹುಡುಗಿ ಬಟ್ಟೆನೂ ಉಲ್ಟಾ ಹಾಕ್ಕಂಡು ಬಂದೈತೆ," ಎಂದಳು.

ನಾನು ಆ ಕಮೀಜನ್ನು ಎತ್ತಿಕೊಂಡೆ. ಹೊಲಿಗೆ ಹೊರಕ್ಕೆ, ನುಣುಪು ಒಳಕ್ಕೆ. ಗಾಬರಿಯಲ್ಲಿ ಹಾಕಿದ್ದಲ್ಲ ಅದು. ಹಾಗೆಯೇ ದಿನಾ ಹಾಕಿ ಹಾಕಿ ಹೊರಮಗ್ಗುಲಿನ ಹೊಲಿಗೆಯೇ ಬಣ್ಣಗೆಟ್ಟಿತ್ತು. ಕೊರಳ ಹಿಂದೆ ನೋಡಿದೆ. ಚೀಟಿ ಇರಲಿಲ್ಲ. ನಾನಾದರೂ ಕತ್ತರಿಯಲ್ಲಿ ಕಚಕ್ ಎನಿಸುತ್ತೇನೆ, ತುದಿ ಉಳಿದು ಎರಡು ದಿನ ಚುಚ್ಚುತ್ತದೆ. ಇವಳು ಸೂಜಿಯಿಂದ ಒಂದೊಂದೇ ಎಳೆ ಬಿಡಿಸಿ, ಚೀಟಿ ಇದ್ದ ಗುರುತೂ ಇಲ್ಲದಂತೆ ತೆಗೆದಿದ್ದಳು. ನನಗಿಂತ ಒಂದು ಕೈ ಮೇಲು. ಐವತ್ತು ವರ್ಷ ಬದುಕಿ ನಾನು ಕಂಡ ನಮ್ಮ ಜಾತಿಯ ಮೊದಲ ಜೀವ ಅವಳು.

ಶಾಹೀನಾ ಹೊರಗೆ ಬಂದಳು, ಮೈಮೇಲೆ ಕೆಂಪು ಕುರ್ತಾ. ಕಣ್ಣು ಕೆಂಪು, ಕೊರಳ ಸುತ್ತ ಅದಕ್ಕಿಂತ ಕೆಂಪು. ತೋರುಬೆರಳನ್ನು ಕೊರಳಪಟ್ಟಿಯೊಳಗೆ ತೂರಿಸಿ ಬಟ್ಟೆಯನ್ನು ಮೈಯಿಂದ ಒಂದು ಕೂದಲೆಳೆಯಷ್ಟು ದೂರ ಹಿಡಿದಿದ್ದಳು. ಸುತ್ತಲಿನವರು ಅವಳನ್ನು ಕೇಳಿದ್ದೆಲ್ಲ ಹುಡುಗನ ಬಗ್ಗೆ. ನಾನು ಕೇಳಿದೆ, "ಎಲ್ಲಿ ಚುಚ್ಚತೈತಮ್ಮ?"

ಅವಳು ನನ್ನನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಆಮೇಲೆ ಕಟ್ಟೆ ಒಡೆಯಿತು.

"ಇಲ್ಲಿ ಮಾಮಾ. ಕತ್ತಿನ ಹಿಂದೆ. ಕಂಕುಳಲ್ಲಿ ಗರಗಸ ಇಟ್ಟಂಗೆ ಐತೆ. ಉಸಿರು ತಗಂಡ್ರೆ ಹೊಟ್ಟೆಗೆ ಚುಚ್ಚತೈತೆ. ಹೆಂಗೆ ಹೇಳ್ಲಿ? ಅತ್ತೆ ಪ್ರೀತಿಯಿಂದ ತಂದಿರೋದು. ಚುಚ್ಚತೈತೆ ಅಂದ್ರೆ ಅವರಿಗೆ ಬೇಜಾರಾಗಲ್ವಾ? ಬಟ್ಟೆ ಚುಚ್ಚಿದ್ದಕ್ಕೆ ಅಳ್ತಾಳೆ ಅಂದ್ರೆ ಜನ ನಗಲ್ವಾ?"

"ಹುಡುಗ?" ಎಂದು ಮೆಹಬೂಬಿ ಕೇಳಿದರು.

ಶಾಹೀನಾ ನೆಲ ನೋಡಿದಳು. "ಒಳ್ಳೇರಮ್ಮೀ. ಮಂಗ್ನಿ ದಿನ ಸೌಂಡ್ ಬಾಕ್ಸ್ ನನ್ನ ಕಿವಿ ಪಕ್ಕಾನೇ ಇಟ್ಟಿದ್ರು. ನಾನು ಯಾರಿಗೂ ಏನೂ ಅಂದಿರಲಿಲ್ಲ. ಅವರೇ ಎದ್ದು ಬಂದು ಆ ಕಡೆ ತಿರುಗಿಸಿ ಹೋದ್ರು. ಅಂಥೋರನ್ನ ಯಾರು ಬ್ಯಾಡ ಅಂತಾರೆ? ಒಪ್ಪಿಗೆ ಐತೆ ಅಂತ ಬಾಯಿಬಿಟ್ಟು ಹೆಂಗೆ ಹೇಳ್ಲಿ, ನಾಚಿಕೆ ಆಗಲ್ವಾ?"

ತಾಯಿ ಮಗಳಿಬ್ಬರೂ ಅತ್ತರು, ನಾನೂ ಸೇರಿಕೊಂಡೆ. ಎಚ್ಚರವಿದ್ದವಳು ಗಿರಿಜಾ ಒಬ್ಬಳೇ. "ಎಲ್ಲಾ ಆಮೇಲೆ ಅಳ್ರಿ. ಆ ಯಪ್ಪ ಚನ್ನಗಿರಿ ಮುಟ್ಟಿ ಮದುವೆ ಮುರಿಯಾಕೆ ಮುಂಚೆ ಫೋನ್ ಹಚ್ರಿ," ಎಂದಳು. ಹಚ್ಚಿದೆ. ಫೋನು ನಮ್ಮ ಬೆಂಚಿನ ಮೇಲೆಯೇ ರಿಂಗಾಯಿತು. ಬಾಷಾಸಾಬ್ ಸಂಕಟದಲ್ಲಿ ಅದನ್ನು ಬಿಟ್ಟು ಹೋಗಿದ್ದರು.

ನಾನು ಮೊಪೆಡ್ ಹತ್ತಿದೆ. ಬನಿಯನ್ನಿನಲ್ಲೇ ಇದ್ದೆ ಎಂಬುದು ಹೊನ್ನಾಳಿ ರಸ್ತೆಗೆ ಬಿದ್ದ ಮೇಲೆ ತಿಳಿಯಿತು. ಎದುರಿಗೆ ಬಂದವರೆಲ್ಲ ಉಲ್ಟಾ ಐತೆ ಎಂದು ಕೈಸನ್ನೆ ಮಾಡುತ್ತಿದ್ದರು. ಹೊನ್ನಾಳಿ ಹತ್ತಿರವಾದಾಗ ದೂರದಲ್ಲಿ ಬಾಷಾಸಾಬರ ಬಿಳಿ ಟೋಪಿ ಕಂಡಿತು. ನಡುವೆ ಒಂದು ಟ್ರ್ಯಾಕ್ಟರು, ಒಂದು ಬಸ್ಸು. ಹಾರ್ನಿನ ಗುಂಡಿ ಒತ್ತಿದೆ. ವೈರು ಕಿತ್ತಿಸಿದ್ದ ಮಹಾನುಭಾವ ನಾನೇ ಅಲ್ಲವೇ? ಬದುಕಿನಲ್ಲಿ ಒಂದು ಸಲ ಹಾರ್ನು ಬೇಕಾದಾಗ ನನ್ನ ಗಾಡಿ ಮೌನವ್ರತ ಹಿಡಿದಿತ್ತು. ಗಂಟಲು ಹರಿಯುವಂತೆ ಕೂಗಿದೆ. ಬಸ್ಸಿನವನ ಹಾರ್ನಿನಲ್ಲಿ ಅದು ಅಡಗಿಹೋಯಿತು. ಆ ಬಸ್ಸಿನವನಿಗೆ ನಾನು ಹಾಕಿದ ಶಾಪ ಬರೆಯುವಂಥದ್ದಲ್ಲ.

ಹೊನ್ನಾಳಿ ದಾಟಿ ತುಂಗಭದ್ರೆಯ ಸೇತುವೆಗೆ ಬಂದರೆ, ಸ್ಕೂಟರು ಬದಿಗೆ ನಿಂತಿತ್ತು. ಬಾಷಾಸಾಬ್ ಕಟ್ಟೆಗೆ ಒರಗಿಕೊಂಡು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಣ್ಣೀರಿನಲ್ಲಿ ರಸ್ತೆ ಕಾಣದೆ ನಿಲ್ಲಿಸಿದ್ದರಂತೆ. ಮಗಳಿಗೆ ಈ ಸ್ವಭಾವ ಯಾರ ಕಡೆಯಿಂದ ಬಂತೆಂದು ನನಗೆ ಹೊಳೆದದ್ದು ಅಲ್ಲಿ.

ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ. ಸೌಂಡ್ ಬಾಕ್ಸಿನ ವಿಷಯವನ್ನು ಎರಡು ಸಲ ಹೇಳಿದೆ. ಅವರು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು.

"ಸಣ್ಣವಳಿದ್ದಾಗ ಹೊಸ ಹಾಸಿಗೆ ಮೇಲೆ ಮಲಗ್ತಾನೇ ಇರಲಿಲ್ಲ ಮಾಸ್ತರ್. ನನ್ನ ಹಳೇ ಲುಂಗಿ ಹಾಸಿದ್ರೆ ಮಾತ್ರ ನಿದ್ದೆ. ಅವತ್ತೇ ಗೊತ್ತಾಗ್ಬೇಕಿತ್ತು ನಂಗೆ," ಎಂದರು.

"ಆ ಲುಂಗಿ ಈಗೂ ಐತಾ?"

"ಅದು ಹರಿದೋತು. ಅದರ ತಮ್ಮ ಐತೆ, ಹತ್ತು ವರ್ಷದ್ದು. ಯಾಕೆ?"

ಯಾಕೆ ಎಂದು ನಿಮಗೆ ಆಗಲೇ ಗೊತ್ತಾಗಿರಬೇಕು. ಸ್ಯಾಟಿನ್ನನ್ನು ಪೂರ್ತಿ ಬಿಚ್ಚಿದೆ. ಒಳಗೆ ನೋಡಿದರೆ ಜರಿಯ ತುದಿಗಳು ಮುಳ್ಳುಬೇಲಿಯ ಹಾಗೆ ನಿಂತಿದ್ದವು. ನಾಚಿಕೆಯಾಯಿತು. ಊರಿನವರ ನೋವೆಲ್ಲ ಮೂಸಿ ನೋಡುವವನಿಗೆ ತನ್ನ ಕೈಯಾರೆ ಹೊಲಿದ ನೋವು ಕಂಡಿರಲಿಲ್ಲ. ಒಂದೊಂದು ತುದಿಯನ್ನೂ ಮಡಿಸಿ ಕೂರಿಸಿದೆ. ಅದರ ಮೇಲೆ ಬಾಷಾಸಾಬರ ನೀಲಿ ಚೌಕಳಿಯ ಲುಂಗಿ. ಹತ್ತು ವರ್ಷ ಒಗೆದ ಹತ್ತಿಯ ಮೆದುವು ಯಾವ ಅಂಗಡಿಯ ಥಾನಿನಲ್ಲೂ ಸಿಗುವುದಿಲ್ಲ. ಹೊರಗೆ ನೋಡಿದರೆ ಕೆಂಪು ಜರಿಯ ಮದುವಣಗಿತ್ತಿ, ಒಳಗೆ ಸವಳಂಗದ ಮೋಟರ್ ಮಿಸ್ತ್ರಿ. ಶಾಹೀನಾ ಹಾಕಿಕೊಂಡು ಪರದೆಯ ಹಿಂದಿನಿಂದ ಬಂದಳು, ಎರಡೂ ಕೈ ಮೇಲೆತ್ತಿ ಇಳಿಸಿ, ಒಂದು ಸುತ್ತು ತಿರುಗಿ ನಕ್ಕಳು. ಗಂಡಿನ ಮನೆಗೆ ಈ ಗುಟ್ಟು ತಿಳಿಯಬಾರದೆಂದು ನಾವು ಐದೂ ಜನ ಮಾತಾಡಿಕೊಂಡೆವು.

ಮದುವೆಗೆ ಹೋಗಿದ್ದೆವು. ಅಷ್ಟು ಖುಷಿಯಾಗಿ ಕೂತ ಮದುಮಗಳನ್ನು ಯಾರೂ ಕಂಡಿರಲಿಲ್ಲವಂತೆ. ಹೆಣ್ಣು ಕಳಿಸಿಕೊಡುವ ಹೊತ್ತಿಗೂ ಅವಳು ನಗುತ್ತಲೇ ಇದ್ದಳು. ಯಾರಾದರೂ ಅಳಬೇಕಲ್ಲ, ಆ ಕೆಲಸ ನಾನು ಮಾಡಿದೆ. ಗಂಡಿನ ಕಡೆಯವರು, "ಇವರು ಹುಡುಗಿ ಸೋದರಮಾವನಾ?" ಎಂದು ವಿಚಾರಿಸಿದರು. ಗಿರಿಜಾ, "ಅಲ್ಲ, ಟೇಲರು," ಎಂದಳು. ಅವರಿಗೆ ಏನು ಅರ್ಥವಾಯಿತೋ, ನನಗೆ ಒಂದು ತಟ್ಟೆ ಜಾಮೂನು ಹೆಚ್ಚಿಗೆ ತಂದುಕೊಟ್ಟರು.

ಒಂದು ತಿಂಗಳು ಕಳೆದಿರಬಹುದು. ಮಧ್ಯಾಹ್ನ ಗಲ್ಲಿಯ ಬಾಯಿಯಲ್ಲಿ ಬೇಕರಿಯ ವ್ಯಾನು ನಿಂತಿತು. ಜೈತೂನಮ್ಮ ಇಳಿದರು, ಹಿಂದೆ ಅವರ ಯಜಮಾನರು ಗಫೂರ್‌ಸಾಬ್. ಅವರು ಒಳಗೆ ಬರದೆ ಹೊರಗಿನ ಬೆಂಚಿನ ತುದಿಯಲ್ಲಿ, ಯಾರಿಗೂ ಅಡ್ಡಿಯಾಗದ ಹಾಗೆ ಕೂತರು. ಜೈತೂನಮ್ಮ ಚೀಲದಿಂದ ಕೆಂಪು ಕುರ್ತಾ ತೆಗೆದು, ಒಳಮಗ್ಗುಲು ತಿರುವಿ ಮೇಜಿನ ಮೇಲೆ ಹರವಿದರು. ನೀಲಿ ಚೌಕಳಿ ನನ್ನನ್ನೇ ನೋಡುತ್ತಿತ್ತು.

"ಸೊಸೆ ಬಿಸಿಲಿಗೆ ಹಾಕಿದ್ಳು. ಮದುವೆ ಬಟ್ಟೆ ಒಳಗೆ ಲುಂಗಿ ಇಟ್ಟೋರು ಯಾರು ಮಾಸ್ತರ್?"

"ನಾನೇ ಅಮ್ಮಾ. ತಪ್ಪಾತು. ಹುಡುಗೀದೇನೂ ಇಲ್ಲ, ಅದಕ್ಕೆ ಏನೂ ಅನ್ಬ್ಯಾಡ್ರಿ."

ಅವರು ಲುಂಗಿಯ ಮೇಲೆ ಒಮ್ಮೆ ಕೈಯಾಡಿಸಿದರು. ಆಮೇಲೆ ಚೀಲದ ತಳದಿಂದ ಇನ್ನೊಂದು ಬಟ್ಟೆ ತೆಗೆದರು. ಅದೂ ಕೆಂಪು, ಮಾಸಿ ಕಂದಾಗಿತ್ತು, ಜರಿ ಮಾತ್ರ ಗಡುಸಾಗಿ ನಿಂತಿತ್ತು.

"ಇದು ನಂದು. ಮೂವತ್ತೆರಡು ವರ್ಷ ಆತು. ಒಂದೇ ದಿನ ಹಾಕಿದ್ದು. ಅವತ್ತು ಬೆಳಿಗ್ಗೆಯಿಂದ ಸಂಜೆ ತನಕ ಅತ್ತೀನಿ. ಹುಡುಗಿಗೆ ಹುಡುಗ ಒಪ್ಪಿಗೆ ಇಲ್ಲ, ಬಲವಂತದ ಮದುವೆ ಅಂತ ಎಲ್ಲಾರೂ ಆಡ್ಕಂಡ್ರು. ನಾನು ಏನಂತ ಹೇಳ್ಲಿ? ಇದು ಕಂಕುಳಲ್ಲಿ ಕೊರೀತಿತ್ತು."

"ಯಜಮಾನರಿಗೆ ಆಮೇಲಾದ್ರೂ ಹೇಳಿದ್ರೇನು?"

"ಅವರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಒಪ್ಪಿಗೆ ಇಲ್ದೋಳನ್ನ ಕಟ್ಕಂಡೆ ಅಂತ ಅವತ್ತಿಂದ ಇವತ್ತಿನ ತನಕ ನನ್ನ ಹತ್ರ ಒಂದು ಮಾತು ಜೋರಾಗಿ ಆಡಿಲ್ಲ. ಒಂದು ಲೋಟ ಚಾ ಬೇಕಾದ್ರೂ 'ನಿಮಗೆ ತೊಂದ್ರೆ ಇಲ್ದಿದ್ರೆ' ಅಂತಾರೆ. ಹೆಂಡ್ತಿಗೆ ನೀವು ಅಂತಾರೆ ಮಾಸ್ತರ್, ಮೂವತ್ತೆರಡು ವರ್ಷದಿಂದ. ಸೊಸೆಯಿಂದ ಈ ಲುಂಗಿ ಕಥೆ ಕೇಳಿದ್ಮ್ಯಾಲೆ ನಂಗೆ ನಿದ್ದೆ ಇಲ್ಲ. ಇದಕ್ಕೂ ಒಳಗೆ ಮೆತ್ತಗಿಂದು ಹಾಕಿ ಕೊಡ್ರಿ. ಒಂದು ಸಲ ಹಾಕ್ಕಂಡು ಅವರ ಮುಂದೆ ನಗ್ತಾ ನಿಲ್ಬೇಕು."

"ಅಲ್ಲೀತನಕ ಯಾಕಮ್ಮಾ? ಅಲ್ಲೇ ಕೂತವ್ರಲ್ಲ, ಹೇಳಿಬಿಡ್ರಿ."

"ಅಯ್ಯೋ, ಈ ವಯಸ್ಸಿನಾಗೆ ನಂಗೆ ನಾಚಿಕೆ. ನೀವೇ ಹೇಳ್ರಿ."

ನಾನು ಹೊರಗೆ ಹೋಗಿ ಗಫೂರ್‌ಸಾಬರ ಪಕ್ಕದಲ್ಲಿ ಕೂತೆ. ಎಲ್ಲವನ್ನೂ ಹೇಳಿದೆ. ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಅದರ ಅಂಚನ್ನು ಬೆರಳಿನಿಂದ ಸವರುತ್ತ ಕೇಳಿದರು.

"ಹಂಗಾದ್ರೆ ಅವತ್ತು ಅತ್ತಿದ್ದು ನನ್ನ ನೋಡಿ ಅಲ್ವಾ?"

"ಅಲ್ಲ ಸಾಬ್ರೇ. ಜರಿ ಚುಚ್ಚಿ."

ಆಮೇಲೆ, ಕೇಳಲೋ ಬೇಡವೋ ಎಂಬಂತೆ, "ಅಂದ್ರೆ ನಾನು... ಅವರಿಗೆ ಒಪ್ಪಿಗೆ ಇದ್ನಾ?" ಎಂದರು.

ಒಳಗಿನಿಂದ ಜೈತೂನಮ್ಮನ ದನಿ ಬಂತು. "ಇದ್ರಿ! ಇಲ್ದಿದ್ರೆ ಮೂವತ್ತೆರಡು ವರ್ಷ ನಿಮ್ಮನೆ ಬನ್ನು ತಿನ್ನಾಕೆ ಇದ್ನೇನು?"

ನಾನು ತಿರುಗಿ ನೋಡಿದೆ. ಗಿರಿಜಾ, ನಮ್ಮ ಮನೆಯ ಗಟ್ಟಿ ಜೀವ, ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ನನ್ನ ಕಥೆ ನೀವು ಊಹಿಸಿಕೊಳ್ಳಿ.

ಗಫೂರ್‌ಸಾಬ್ ಟೋಪಿ ಹಾಕಿಕೊಂಡರು. ಎದ್ದು ನಿಂತರು. ಗಂಟಲು ಸರಿಮಾಡಿಕೊಂಡು, ಇಡೀ ಗಲ್ಲಿಗೆ ಕೇಳುವ ಹಾಗೆ ಕೂಗಿದರು:

"ಜೈತೂನ್! ಸಾಕು ಬಾರೇ ಬೇಗ, ಬೇಕರಿ ಬಾಗಿಲು ತೆಗೀಬೇಕು!"